ಎರಡನೆಯ ಸಲ ಕೇಳುವ ಕೆಲಸ

ಪದ್ಮಾ ಅವತ್ತು ನನ್ನನ್ನು ಒಂದೇ ಸಲ ಕೇಳಿದಳೋ, ಎರಡು ಸಲ ಕೇಳಿದಳೋ, ನನಗೆ ಖಚಿತವಾಗಿ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಲವು ದಿನ, ಒಂದೇ ಸಲ ಕೇಳಿದಳೆಂದು ಆಣೆ ಇಟ್ಟು ಹೇಳಬಲ್ಲೆ ಅನ್ನಿಸುತ್ತದೆ. ಇನ್ನು ಕೆಲವು ದಿನ, ಮುಖ್ಯವಾಗಿ ಹೊಟ್ಟೆ ಸರಿ ಇಲ್ಲದ ದಿನಗಳಲ್ಲಿ, ಇಲ್ಲ, ಇನ್ನೊಂದು ಸಲವೂ ಕೇಳಿದಳು, ಅದಕ್ಕೂ ನಾನು ಬೇಡ ಎಂದೆ ಅನ್ನಿಸುತ್ತದೆ. ನನ್ನ ನೆನಪಿನಲ್ಲಿ ಆ ಸಂಜೆ ಹಿಮ ಬೀಳುತ್ತಿತ್ತು. ವಿಮಲಕ್ಕನನ್ನು ಕೇಳಿದರೆ, ‘ಎಲ್ಲೀ ಸ್ನೋ? ಇನ್ನೂ ಎಲಿ ಉದರ್ಲಿಕ್ಹತ್ತಿದ್ವು’ ಅನ್ನುತ್ತಾರೆ. ಒಂದು ಇಡೀ ಹಿಮಪಾತವನ್ನು ತಾನೇ ತಯಾರಿಸಿಕೊಂಡ ತಲೆಗೆ ಒಂದು ಸಣ್ಣ ಪ್ರಶ್ನೆಯನ್ನು ಸೇರಿಸುವುದಾಗಲಿ, ಅಳಿಸುವುದಾಗಲಿ ಏನು ಕಷ್ಟ?

ಪದ್ಮಾ ಯಾರು, ವಿಮಲಕ್ಕ ಯಾರು, ಏನು ಕೇಳಿದಳು ಎಂಬುದನ್ನೆಲ್ಲ ಹೇಳುತ್ತೇನೆ. ಆದರೆ ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಒಂದು ಕಾಫಿಯಿಂದ. ಬಾರದೇ ಹೋದ ಕಾಫಿಯಿಂದ.

ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ ನನ್ನ ಗೆಳೆಯನೊಬ್ಬನ ಮನೆಗೆ ಹೋಗಿದ್ದೆವು, ನಾನೂ ನನ್ನ ಹೆಂಡತಿ ಲಲಿತಾನೂ. ಗೆಳೆಯನ ಮೊಮ್ಮಗಳು ಇಲ್ಲೇ, ಅಮೆರಿಕದಲ್ಲೇ ಹುಟ್ಟಿದವಳು, ಚೂಟಿ ಹುಡುಗಿ. ಒಳಗಿನಿಂದ ಡಿಕಾಕ್ಷನ್ನಿನ ವಾಸನೆ ಬರುತ್ತಿತ್ತು. ಅವಳು ಬಂದು, ‘ಅಂಕಲ್, ವುಡ್ ಯು ಲೈಕ್ ಸಮ್ ಕಾಫಿ?’ ಅಂದಳು.

‘ಅಯ್ಯೋ ಬೇಡಮ್ಮ, ಈಗ ತಾನೇ ಕುಡಿದು ಬಂದೆ’ ಅಂದೆ.

‘ಓಕೆ!’ ಅಂದು ಮಹಡಿ ಹತ್ತಿ ಹೋದಳು. ಅಷ್ಟೇ. ನಾನು ಕುಡಿದು ಬಂದಿರಲಿಲ್ಲ. ಆ ಮನೆಯ ಕಾಫಿಯ ಆಸೆಗೇ ಮನೆಯಲ್ಲಿ ಕುಡಿಯದೆ ಬಂದಿದ್ದೆ. ಗೆಳೆಯ ನನ್ನೆದುರೇ ಲೋಟ ಬರಿದು ಮಾಡಿದ. ಲಲಿತಾ ಮೊದಲನೆಯ ಸಲಕ್ಕೇ ಹೂಂ ಅಂದಿದ್ದರಿಂದ ಅವಳಿಗೂ ಸಿಕ್ಕಿತ್ತು. ವಾಪಸು ಬರುವಾಗ ಕಾರಿನಲ್ಲಿ ಅವಳು ನಗು ತಡೆಯಲಾರದೆ, ‘ಜನ್ಮವೆಲ್ಲ ಈ ದೇಶದಲ್ಲೇ ಕಳೆದಿರಿ. ಇನ್ನೂ ಬೇಡ ಅನ್ನೋದನ್ನ ಬಿಡಲಿಲ್ಲವಲ್ಲ ನೀವು’ ಅಂದಳು.

ಬಿಡುವುದು ಹೇಗೆ? ಅದನ್ನು ನನಗೆ ಕಲಿಸಿದ್ದು ನಮ್ಮಮ್ಮ, ಮೈಸೂರಿನಲ್ಲಿ, ತಲೆ ಬಾಚುತ್ತ. ಯಾರ ಮನೆಗಾದರೂ ಹೊರಡುವ ಮುನ್ನ ನನ್ನ ಗಲ್ಲವನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಬೈತಲೆ ತೆಗೆಯುತ್ತಲೇ ಪಾಠ ಹೇಳುವರು: ‘ಏನು ಕೊಟ್ಟರೂ ಮೊದಲನೇ ಸಲಕ್ಕೇ ಕೈ ಚಾಚಬೇಡ. ಬೇಡ ಅನ್ನು. ಮತ್ತೆ ಕೇಳ್ತಾರೆ. ಆಗಲೂ ಸ್ವಲ್ಪ ಹಿಂದೆ ಸರಿ. ಆಮೇಲೆ ತಗೋ.’ ಮತ್ತೆ ಕೇಳದಿದ್ದರೆ ಏನು ಮಾಡಬೇಕು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮತ್ತೆ ಕೇಳದವರು ಲೋಕದಲ್ಲಿ ಇರಬಹುದೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮದುವೆ ಮನೆಗಳಲ್ಲಿ ನೋಡಿದ್ದೀರಲ್ಲ, ಎಲೆಯ ಮೇಲೆ ಕೈ ಅಡ್ಡ ಹಿಡಿಯುವವರನ್ನು? ಎರಡೂ ಕೈ ಹರಡಿ ಎಲೆಗೆ ಅಂಟಿಸಿಕೊಂಡು ಬಗ್ಗಿದರೆ ನಿಜವಾಗಿ ಬೇಡವೆಂದು. ಒಂದೇ ಕೈಯನ್ನು ಗಾಳಿಯಲ್ಲಿ ಹಿಡಿದು ಬೆರಳ ನಡುವೆ ಸಂದಿ ಬಿಟ್ಟರೆ, ಒಂದು ಹೋಳಿಗೆ ಹಾಕು ಎಂದು. ಬಡಿಸುವವನು ಆ ಸಂದಿ ನೋಡಿ ತೀರ್ಮಾನ ಮಾಡುತ್ತಾನೆ. ಇದು ಎಲ್ಲಿಯೂ ಬರೆದಿಟ್ಟ ವಿದ್ಯೆಯಲ್ಲ. ನಮ್ಮ ಬೀದಿಗೆ ಒಮ್ಮೆ ದೂರದ ಊರಿನಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರ ಸಂಸಾರ ಬಂತು. ಆ ಮನೆಯಾಕೆ ನನ್ನ ಮುಂದೆ ಕೊಬ್ಬರಿ ಮಿಠಾಯಿಯ ತಟ್ಟೆ ಹಿಡಿದರು. ಗುಲಾಬಿ ಬಣ್ಣದ್ದು, ತುಪ್ಪ ಮಿನುಗುತ್ತಿತ್ತು. ನಾನು ಶಾಸ್ತ್ರೋಕ್ತವಾಗಿ ಬೇಡ ಅಂದೆ. ಅವರು ‘ಸರಿ ಮಗು’ ಎಂದು ತಟ್ಟೆಯನ್ನು ಬೀರುವಿನೊಳಗೆ ಇಟ್ಟು ಚಿಲಕ ಹಾಕಿದರು. ಮನೆಗೆ ಬಂದು ಅತ್ತಾಗ ಅಮ್ಮ ಅಂದದ್ದು ಇಷ್ಟೇ: ‘ಪಾಪ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.’ ಅಮೆರಿಕಕ್ಕೆ ಬರುವ ಮೊದಲು ಅಮೆರಿಕವನ್ನು ನಾನು ಕಂಡದ್ದು ಆ ಬೀರುವಿನ ಚಿಲಕದಲ್ಲಿ.

ಕಾಲೇಜಿನಲ್ಲಿ ನಾನು ಓದಿದ್ದು ತತ್ತ್ವಶಾಸ್ತ್ರ. ಎದುರಿಗಿರುವ ಮೇಜು ನಿಜವಾಗಿಯೂ ಇದೆಯೇ ಎಂದು ಅನುಮಾನಪಡುವುದನ್ನು ಎಂ.ಎ. ತನಕ ಕಲಿತೆ. ಆಮೇಲೆ ಜೀವನವಿಡೀ ಅಂಥದೇ ಒಂದು ಮೇಜಿನ ಹಿಂದೆ ಕೂತು ಸಂಬಳ ತೆಗೆದುಕೊಂಡೆ. ಯಾವುದರಲ್ಲೂ ನೆಲೆ ನಿಲ್ಲುವ ಸ್ವಭಾವ ನನ್ನದಲ್ಲ. ತತ್ತ್ವಶಾಸ್ತ್ರ ಬೇಸರವಾಗಿ ಮನಶ್ಶಾಸ್ತ್ರಕ್ಕೆ ಹಾರಿದೆ. ಅಲ್ಲಿ ಪ್ರಯೋಗಶಾಲೆಯ ಇಲಿಗಳು ಬೇಸರವಾಗಿ, ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ನ್ಯೂ ಬ್ರನ್ಸ್‌ವಿಕ್‌ಗೆ ಬಂದು ಸಿಬ್ಬಂದಿ ನಿರ್ವಹಣೆ ಎಂಬುದನ್ನು ಓದಿದೆ. ಆಗ ಅದಕ್ಕೆ ಪರ್ಸನೆಲ್ ಅನ್ನುತ್ತಿದ್ದರು. ಮನುಷ್ಯರಿಗೆ ಸಂಪನ್ಮೂಲ ಎಂಬ ಹೆಸರು ಬಂದದ್ದು ಆಮೇಲೆ. ನನ್ನ ಬಾಗಿಲಿನ ಮೇಲೆ ಹೊಸ ಹೆಸರಿನ ಫಲಕ ತಿರುಪು ಹಾಕಿ ಕೂರಿಸಿದ ದಿನ, ಕಲ್ಲಿದ್ದಲು, ಕಬ್ಬಿಣದ ಅದಿರುಗಳ ಸಾಲಿಗೆ ನಾವೂ ಸೇರಿದೆವಲ್ಲ ಅನ್ನಿಸಿತ್ತು.

ಆ ಕಾಲದಲ್ಲಿ ಈ ಭಾಗದಲ್ಲಿ ಕನ್ನಡದವರೆಂದರೆ ಬೆರಳೆಣಿಕೆ ಮಂದಿ. ಇದ್ದವರೆಲ್ಲ ಇಂಜಿನಿಯರು, ಇಲ್ಲವೇ ಡಾಕ್ಟರು. ಹೊಸಬರನ್ನು ಭೇಟಿಯಾದರೆ ಸಂಭಾಷಣೆ ಒಂದೇ ರೀತಿ ನಡೆಯುತ್ತಿತ್ತು.

‘ಸಿವಿಲ್ಲಾ, ಮೆಕ್ಯಾನಿಕಲ್ಲಾ?’

‘ನಾನು ಇಂಜಿನಿಯರ್ ಅಲ್ಲ.’

‘ಓ, ಡಾಕ್ಟರು! ಯಾವ ಹಾಸ್ಪಿಟಲ್?’

‘ಡಾಕ್ಟರೂ ಅಲ್ಲ.’

ಆಗ ಅವರು ನನ್ನ ಮುಖವನ್ನು ಕರುಣೆಯಿಂದ ನೋಡಿ, ‘ಮತ್ತೆ ವೀಸಾ ಹೇಗೆ ಕೊಟ್ಟರು?’ ಅನ್ನುತ್ತಿದ್ದರು.

ಕೆಲಸ ಹುಡುಕುವಾಗ ಅಮ್ಮನ ಪಾಠ ನನ್ನ ಕೊರಳಿಗೆ ಸುತ್ತಿಕೊಂಡಿತು. ಮೊದಲ ಸಂದರ್ಶನದಲ್ಲಿ ಸಿಗಾರ್ ಸೇದುತ್ತಿದ್ದ ಒಬ್ಬ ದೊಡ್ಡ ಮನುಷ್ಯ, ‘ಕಾಫಿ?’ ಅಂದ. ಬೇಡ ಅಂದೆ. ‘ಕೋಟು ಬಿಚ್ಚಿ, ಕೂತುಕೊಳ್ಳಿ’ ಅಂದ. ಪರವಾಗಿಲ್ಲ ಅಂದೆ, ನಿಂತೇ ಇದ್ದೆ. ಕೊನೆಗೆ, ‘ಈ ಕೆಲಸ ನಿಮಗೆ ಬೇಕೇ?’ ಅಂದ. ಥಟ್ಟನೆ ಬೇಕು ಅಂದರೆ ಹೊಟ್ಟೆಬಾಕ ಅಂದುಕೊಂಡಾನು ಎಂದು, ‘ನಿಮಗೆ ನನಗಿಂತ ಯೋಗ್ಯರು ಸಿಕ್ಕರೆ ಖಂಡಿತ ಅವರಿಗೇ ಕೊಡಿ’ ಅಂದೆ. ಅವನು ನನ್ನ ಸಲಹೆಯನ್ನು ಪಾಲಿಸಿದ. ಹೀಗೆ ಎಷ್ಟೋ ಕಡೆ ಆಯಿತು. ಪ್ರತಿ ಸಲವೂ ಸೌಜನ್ಯದಲ್ಲಿ ನಾನು ಗೆದ್ದು, ಕೆಲಸದಲ್ಲಿ ಸೋತು ಬಂದೆ.

ಕೊನೆಗೆ ಕೆಲಸ ಕೊಟ್ಟವನು ಮೊರೆಲ್ಲಿ. ರೂಟ್ ಒಂದು ಎಂಬ ಹೆದ್ದಾರಿಯ ಪಕ್ಕದಲ್ಲಿ ಔಷಧಿ ಶೀಶೆಗಳಿಗೆ ಮುಚ್ಚಳ ಮಾಡುವ ಕಾರ್ಖಾನೆಯ ಪರ್ಸನೆಲ್ ಮ್ಯಾನೇಜರು. ಗಿಡ್ಡ, ದಪ್ಪ, ಮಾತಾಡಿದರೆ ಎರಡು ಕೈಯೂ ಮೇಜಿನಿಂದ ಮೇಲೇಳುತ್ತಿದ್ದವು. ಅವನ ಅಪ್ಪ ಅಮ್ಮ ಇಟಲಿಯಿಂದ ಬಂದವರು. ‘ಕೆಲಸ ಬೇಕಾ?’ ಅಂದ. ನಾನು, ‘ತಮಗೆ ಸರಿ ಕಂಡರೆ’ ಎಂದು ಶುರು ಮಾಡಿದೆ. ಮೊರೆಲ್ಲಿ ಪೆನ್ನು ಕೆಳಗಿಟ್ಟ.

‘ಭಾನುವಾರ ನಮ್ಮಮ್ಮನ ಮನೇಲಿ ಊಟಕ್ಕೆ ಕೂತ್ರೆ, ನಮ್ಮ ಚಿಕ್ಕಪ್ಪ ಹೀಗೇ ಆಡ್ತಾನೆ. ಸಾಕು ಸಾಕು ಅಂತ ಹೊಟ್ಟೆ ಮೇಲೆ ಕೈ ಇಟ್ಕೋತಾನೆ. ನಮ್ಮಮ್ಮ ಸುರೀತಾಳೆ, ಅವನು ತಿಂತಾನೆ. ನೀನು ಆ ಪೈಕಿ ಅಂತ ಕಾಣುತ್ತೆ.’

‘ಹೌದು ಸರ್.’

‘ಸರಿ ಹಾಗಾದ್ರೆ, ಎರಡನೇ ಸಲ ಕೇಳ್ತೀನಿ. ಮೂರನೇ ಸಲ ಕೇಳೋಕೆ ನಾನು ನಿಮ್ಮಮ್ಮ ಅಲ್ಲ. ಕೆಲಸ ಬೇಕಾ?’

‘ಬೇಕು’ ಅಂದೆ. ಈ ದೇಶಕ್ಕೆ ಬಂದ ಮೇಲೆ ನಾನು ಬಾಯಿಬಿಟ್ಟು ಬೇಕು ಅಂದ ಮೊದಲ ವಸ್ತು ಅದೇ ಇರಬೇಕು. ಅಥವಾ ಮೊರೆಲ್ಲಿ ಇಷ್ಟು ಚೆನ್ನಾಗಿ ಮಾತಾಡಿರಲಿಲ್ಲವೋ ಏನೋ, ವರ್ಷಗಟ್ಟಲೆ ಹೇಳಿ ಹೇಳಿ ನಾನೇ ಅವನ ಮಾತನ್ನು ತಿದ್ದಿರಬಹುದು. ಕೆಲಸ ಸಿಕ್ಕಿದ್ದಂತೂ ನಿಜ.

ಅಲ್ಲಿ ನನ್ನ ಏಳಿಗೆಗೆ ಕಾರಣವಾದದ್ದು ಪುಸ್ತಕದಲ್ಲಿ ಓದಿದ್ದು ಯಾವುದೂ ಅಲ್ಲ. ಕಾರ್ಖಾನೆಯಲ್ಲಿ ಡೋರಿಸ್ ಎಂಬ ಹೆಂಗಸು ಮುಚ್ಚಳಗಳನ್ನು ಪರೀಕ್ಷಿಸುವ ವಿಭಾಗದಲ್ಲಿದ್ದಳು. ಒಂದು ಬೆಳಿಗ್ಗೆ ಬಂದು, ಕೆಲಸ ಬಿಡುತ್ತೇನೆ ಅಂದಳು. ಅಂಥ ಸಮಯದಲ್ಲಿ ‘ನಿಮಗೆ ಒಳ್ಳೆಯದಾಗಲಿ’ ಎಂದು ಕೈ ಕುಲುಕಿ ಕಳಿಸುವುದು ಅಲ್ಲಿನ ರೂಢಿ. ನನಗೆ ಅದು ತಿಳಿಯದು. ಯಾರಾದರೂ ಹೊರಡುತ್ತೇನೆ ಅಂದರೆ, ‘ಇಷ್ಟು ಬೇಗ ಯಾಕೆ, ಕೂತ್ಕೊಳ್ಳಿ’ ಅನ್ನುವುದಷ್ಟೇ ನನಗೆ ಗೊತ್ತು. ‘ನಿಜವಾಗಲೂ ಹೋಗಲೇಬೇಕಾ?’ ಅಂದೆ.

‘ಹೋಗಬೇಕು’ ಅಂದಳು.

‘ಇನ್ನೊಂದು ಸಲ ಕೇಳ್ತೀನಿ. ಹೋಗಲೇಬೇಕಾ?’

ಡೋರಿಸ್ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಅತ್ತಳು. ಸಂಗತಿ ಏನೂ ದೊಡ್ಡದಲ್ಲ. ಅವಳ ಪಾಳಿ ಬದಲಾಗಿತ್ತು, ಆ ಹೊತ್ತಿಗೆ ಅವಳ ಕಡೆ ಬಸ್ಸಿರಲಿಲ್ಲ. ಮೇಲ್ವಿಚಾರಕನನ್ನು ಕೇಳಿದ್ದಾಳೆ, ಅವನು ಆಗುವುದಿಲ್ಲ ಅಂದಿದ್ದಾನೆ, ಮತ್ತೆ ಕೇಳಲು ಸ್ವಾಭಿಮಾನ ಬಿಟ್ಟಿಲ್ಲ. ಪಾಳಿ ಸರಿಪಡಿಸಿದೆವು. ಡೋರಿಸ್ ಉಳಿದಳು. ಮೊರೆಲ್ಲಿಗೆ ಇದು ಹೇಗೋ ಗೊತ್ತಾಯಿತು. ಅಂದಿನಿಂದ ಯಾರೇ ಕೆಲಸ ಬಿಡುತ್ತೇನೆಂದು ಬಂದರೂ, ‘ಆ ಮೂಲೆ ರೂಮಿಗೆ ಹೋಗಿ. ಅಲ್ಲೊಬ್ಬ ಇದ್ದಾನೆ, ಅವನನ್ನ ಎರಡು ಸಲ ದಾಟಿದ್ರೆ ನೀವು ಸ್ವತಂತ್ರರು’ ಎಂದು ನನ್ನ ಹತ್ತಿರ ಕಳಿಸತೊಡಗಿದ. ಅಮ್ಮ ಬಾಚಣಿಗೆ ಹಿಡಿದು ಕಲಿಸಿದ್ದರ ಇನ್ನೊಂದು ಮಗ್ಗುಲು ನನಗೆ ಉದ್ಯೋಗವಾಯಿತು.

ಇನ್ನು ವಿಮಲಕ್ಕ. ಹತ್ತಿರದ ಕೆಂಡಲ್ ಪಾರ್ಕ್ ಎಂಬ ಊರಿನ ಒಂದಂತಸ್ತಿನ ಮನೆಗಳ ಸಾಲಿನಲ್ಲಿ ಅವರ ಮನೆ. ಧಾರವಾಡದವರು, ಯಜಮಾನರು ಇಂಜಿನಿಯರು. ಸುತ್ತಮುತ್ತಲಿನ ನಮ್ಮಂಥ ಒಂಟಿ ಗಂಡಸರಿಗೆಲ್ಲ ಭಾನುವಾರದ ಊಟ ಅವರಲ್ಲೇ. ಜೋಳದ ಹಿಟ್ಟು ಸಿಗದ ಕಾಲ. ಯಾವುದೋ ಹಿಟ್ಟಿಗೆ ಇನ್ಯಾವುದನ್ನೋ ಬೆರೆಸಿ ವಿಮಲಕ್ಕ ರೊಟ್ಟಿ ತಟ್ಟುತ್ತಿದ್ದರು. ಶಬ್ದ ಮಾತ್ರ ಅಪ್ಪಟ ಧಾರವಾಡದ್ದು. ನನ್ನ ಎಲೆಯ ಮೇಲಿನ ಕೈಯನ್ನು ಸೌಟಿನಿಂದಲೇ ತಳ್ಳಿ, ‘ತಗೀರಿ ಆ ಕೈ. ಮೈಸೂರಿನ ನಾಚಿಕಿ ಮೈಸೂರಿನ್ಯಾಗ ಇಟ್ಟು ಬರಬೇಕಿತ್ತು’ ಎಂದು ಬಡಿಸುತ್ತಿದ್ದರು. ಪ್ಲಾಸ್ಟಿಕ್ ತಟ್ಟೆಗೆ ಎಲೆ ಅನ್ನುವ ಅಭ್ಯಾಸ ನಮಗೆ ಯಾರಿಗೂ ಹೋಗಿರಲಿಲ್ಲ.

ಪದ್ಮಾ ವಿಮಲಕ್ಕನ ಚಿಕ್ಕಮ್ಮನ ಮಗಳು. ನ್ಯೂಯಾರ್ಕಿನ ಒಂದು ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು, ಒಬ್ಬ ಗೆಳತಿಯ ಜೊತೆ ರೂಮು. ಶನಿವಾರ ರೈಲಿನಲ್ಲಿ ಬಂದು ಭಾನುವಾರ ಸಂಜೆ ಹೋಗುವಳು. ಸ್ಟೇಷನ್ನಿಗೆ ಬಿಡುವ ಕೆಲಸ, ಕಾರಿದ್ದದ್ದರಿಂದಲೋ, ಇಂಜಿನಿಯರಲ್ಲದ್ದರಿಂದ ಪುರುಸೊತ್ತಿರುವವನಂತೆ ಕಂಡದ್ದರಿಂದಲೋ, ನನಗೆ ಬಂತು. ಆ ಕಾರಿನ ಹೀಟರು ಬಿಸಿಗಿಂತ ಹೆಚ್ಚು ಸದ್ದು ಮಾಡುತ್ತಿತ್ತು. ಪದ್ಮಾ ಅದಕ್ಕಿಂತ ಜೋರಾಗಿ ಮಾತಾಡುತ್ತಿದ್ದಳು.

ನನ್ನ ಕೆಲಸ ಏನೆಂದು ಕೇಳಿದಳು. ಡೋರಿಸ್ ಕಥೆ ಹೇಳಿದೆ.

‘ಅಂದ್ರ, ಎರಡನೇ ಸಲ ಕೇಳಿದ್ದಕ್ಕ ನಿಮಗ ಪಗಾರ ಕೊಡ್ತಾರ?’

‘ಹೆಚ್ಚು ಕಡಿಮೆ ಹಾಗೇ.’

‘ಹಂಗಾದ್ರ ನಮ್ಮ ವಿಮಲಕ್ಕನ್ನ ಮ್ಯಾನೇಜರ್ ಮಾಡಬೇಕು ನೋಡ್ರಿ.’ ನಕ್ಕು, ಆಮೇಲೆ ಗಂಭೀರವಾದಳು. ‘ನಾ ಮಾತ್ರ ಅದನ್ನೆಲ್ಲಾ ಬಿಟ್ಟೀನಿ. ಬಂದ ಹೊಸದಾಗಿ ಲೈಬ್ರರಿಯೊಳಗ ಹುಡುಗ್ಯಾರು ಊಟಕ್ಕ ಕರೀತಿದ್ರು. ನಾ ಬ್ಯಾಡ ಅಂದೆ. ಮತ್ತ ಕರೀತಾರ ಅಂತ ಕೂತೆ. ಯಾರೂ ಕರೀಲಿಲ್ಲ. ಒಂದು ಚಳಿಗಾಲ ಪೂರ್ತಿ ಒಬ್ಬಾಕೀನ ಕೂತು ಉಂಡೀನಿ. ಆಮ್ಯಾಲ ಠರಾಯಿಸಿದೆ. ಇನ್ನ ಮ್ಯಾಲ ಬೇಕಂದ್ರ ಬೇಕು ಅಂತೀನಿ. ಮಂದಿನ್ನೂ ಒಂದ ಸಲ ಕೇಳ್ತೀನಿ. ಅವರು ಏನಂತಾರ ಅದನ್ನ ನಂಬ್ತೀನಿ.’

‘ಬೇಡ ಅಂದ್ರೂ?’

‘ಬ್ಯಾಡ ಅಂದ್ರ ಬ್ಯಾಡ. ನೀವು ಮೈಸೂರಿನವರು ಹೊಟ್ಟಿಯೊಳಗ ಹೂಂ ಇಟಗೊಂಡು ಬಾಯಾಗ ಬ್ಯಾಡ ಅಂದ್ರ, ಅದು ನಿಮ್ಮ ಹೊಟ್ಟಿ ನೋವು.’

ನಾನು ನಕ್ಕೆ. ಅವಳನ್ನು ನೋಡುತ್ತ ನಕ್ಕು, ಒಂದು ತಿರುವನ್ನೇ ತಪ್ಪಿಸಿಕೊಂಡೆ. ಸುತ್ತಿ ಬರಬೇಕಾಯಿತು. ಅದರ ನಂತರ ಕೆಲವು ಭಾನುವಾರ ಬೇಕೆಂದೇ ಆ ತಿರುವು ತಪ್ಪಿಸುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು. ‘ಇವತ್ತೂ ದಾರಿ ಮರತೀರೇನು?’ ಅನ್ನುವಳು. ಹೌದು ಅನ್ನುವೆನು. ನನ್ನ ಇಡೀ ಆಯಸ್ಸಿನಲ್ಲಿ ಯಾವುದಾದರೂ ರಸ್ತೆಗೆ ವಾಪಸು ಹೋಗಬಹುದಾದರೆ ನಾನು ಕೇಳಿಕೊಳ್ಳುವುದು ಆ ಸುತ್ತುದಾರಿಯನ್ನೇ. ಅಲ್ಲಿ ಈಗ ಒಂದು ದೊಡ್ಡ ಅಂಗಡಿ ಸಂಕೀರ್ಣ ಬಂದು ಕೂತಿದೆ. ತಿರುವು ಎಲ್ಲಿತ್ತು ಅನ್ನುವುದೂ ಗೊತ್ತಾಗುವುದಿಲ್ಲ.

ಆ ಸಂಜೆ, ಹಿಮದ್ದೋ ಎಲೆಗಳದ್ದೋ, ಅವಳು ಮಾತಾಡಲಿಲ್ಲ. ಹೀಟರು ಒಂದೇ ಮಾತಾಡುತ್ತಿತ್ತು. ನ್ಯೂ ಬ್ರನ್ಸ್‌ವಿಕ್ ಸ್ಟೇಷನ್ನಿನಲ್ಲಿ ರೈಲು ರಸ್ತೆಗಿಂತ ಎತ್ತರದಲ್ಲಿ ಓಡುತ್ತದೆ. ಕೆಳಗೆ ಇಳಿದು, ಮೆಟ್ಟಿಲು ಹತ್ತಿ ಹೋಗಬೇಕು. ನಾನು ಎಂದಿನ ಜಾಗದಲ್ಲಿ ಕಾರು ನಿಲ್ಲಿಸಿದೆ. ಅವಳು ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದಳು.

‘ಅಣ್ಣ ಬಂದಾನ ನ್ಯೂಯಾರ್ಕಿಗೆ. ನಾಡಿದ್ದು ಹೊಂಟಾನ’ ಅಂದಳು. ‘ಪುಣೇದ ಹುಡುಗನ ಸಲುವಾಗಿ ಉತ್ತರ ಬೇಕಂತ.’

ಪುಣೆಯ ಹುಡುಗನ ವಿಷಯ ನನಗೆ ಗೊತ್ತಿತ್ತು. ವಿಮಲಕ್ಕನ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಡಾಕ್ಟರು. ಓಹಾಯೋ ಕಡೆ ಕೆಲಸ ಸಿಕ್ಕಿತ್ತು.

‘ಏನು ಹೇಳ್ತೀರಿ?’ ಅಂದೆ.

‘ಇನ್ನೂ ಹೇಳಿಲ್ಲ.’ ಕುತ್ತಿಗೆಯ ಸ್ಕಾರ್ಫನ್ನು ಬಿಚ್ಚಿ, ಮತ್ತೆ ಕಟ್ಟಿಕೊಂಡಳು. ‘ನೀವೂ ಬರ್ರಿ ನನ್ನ ಜೋಡಿ. ಈ ಟ್ರೇನಿಗೇ. ಅಣ್ಣನ್ನ ಭೆಟ್ಟಿ ಆಗ್ರಿ.’

ಅದರ ಅರ್ಥ ನನಗೆ ತಿಳಿಯಲಿಲ್ಲವೆಂದು ಹೇಳುವಷ್ಟು ಸುಳ್ಳುಗಾರ ನಾನಲ್ಲ. ಒಬ್ಬ ಧಾರವಾಡದ ಹುಡುಗಿ, ಮದುವೆಯ ಉತ್ತರಕ್ಕೆ ಕಾದಿರುವ ಅಣ್ಣನ ಮುಂದೆ, ನನ್ನ ಜೊತೆ ಹೋಗಿ ನಿಲ್ಲುತ್ತೇನೆ ಅನ್ನುತ್ತಿದ್ದಾಳೆ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ನನ್ನ ಮೈಯೆಲ್ಲ ಹೂಂ ಅಂದಿತು. ಬಾಯಿ ಮಾತ್ರ, ಗಲ್ಲ ಹಿಡಿದು ತಲೆ ಬಾಚಿಸಿಕೊಂಡ ಬಾಯಿ, ತನ್ನ ಪಾಡಿಗೆ ತಾನು ಅಂದಿತು:

‘ಅಯ್ಯೋ, ಅಣ್ಣ ತಂಗಿ ಅಪರೂಪಕ್ಕೆ ಸೇರಿದ್ದೀರಿ. ಮಧ್ಯೆ ನಾನ್ಯಾಕೆ? ಸುಮ್ಮನೆ ತೊಂದರೆ.’

ಅವಳು ನನ್ನ ಮುಖ ನೋಡಿದಳು. ಇಲ್ಲಿಯೇ ನನ್ನ ನೆನಪು ಎರಡಾಗಿ ಸೀಳುವುದು. ಒಂದರಲ್ಲಿ ಅವಳು ‘ಆತು’ ಎಂದು ಇಳಿದು ಹೋಗುತ್ತಾಳೆ. ಇನ್ನೊಂದರಲ್ಲಿ, ಇಳಿದ ಮೇಲೆ ಬಗ್ಗಿ ಕಿಟಕಿಯಲ್ಲಿ, ‘ಬರಂಗಿಲ್ಲೇನು?’ ಅನ್ನುತ್ತಾಳೆ, ನಾನು ನಗುತ್ತ ಕೈ ಆಡಿಸುತ್ತೇನೆ. ಎರಡೂ ಒಂದೇ ಸ್ಪಷ್ಟತೆಯಲ್ಲಿ ಕಾಣುತ್ತವೆ. ಮೊದಲನೆಯದು ನಿಜವಾದರೆ ತಪ್ಪು ಅವಳ ಹೊಸ ಠರಾವಿನದು, ಅಮ್ಮನ ಹಳೆಯ ಪಾಠದ್ದು, ಎರಡು ದೇಶಗಳದ್ದು. ಎರಡನೆಯದು ನಿಜವಾದರೆ ನನಗೆ ಧೈರ್ಯವಿರಲಿಲ್ಲ, ಅಷ್ಟೇ.

ಅವಳು ಮೆಟ್ಟಿಲು ಹತ್ತಿ ಹೋದಳು. ನಾನು ಹೊರಡಲಿಲ್ಲ. ಹೋಗಿ ಬರ್ತೀವಿ ಅಂದ ಮೇಲೂ ನಮ್ಮ ಕಡೆಯವರು ಬಾಗಿಲ ತನಕ ಹೋಗಿ ತಿರುಗಿ ಬರುತ್ತಾರಲ್ಲ, ಹಾಗೆ ತಿರುಗಿ ಬಂದಾಳು, ಗಾಜಿನ ಮೇಲೆ ಬಡಿದು ಇನ್ನೊಂದು ಸಲ ಕೇಳಿಯಾಳು ಎಂದು ಕಾದೆ. ಬಂದರೆ ಏನನ್ನಬೇಕೆಂದು ಬಾಯಿಪಾಠ ಮಾಡಿಕೊಂಡೆ. ‘ಹೂಂ’ ಅನ್ನುವುದಕ್ಕೆ ಬಾಯಿಪಾಠ! ರೈಲು ಬಂತು. ತಲೆಯ ಮೇಲೆ ಗುಡುಗಿ ನಿಂತಿತು. ಹೊರಟಿತು. ಭಾನುವಾರ ಆಮೇಲೆ ಬೇರೆ ರೈಲಿಲ್ಲ ಎಂದು ನಾನು ತಿಳಿದಿದ್ದೆ. ಹೋದಳು ಎಂದುಕೊಂಡು ಕಾರು ತಿರುಗಿಸಿದೆ.

ಮರುದಿನ ಆಫೀಸಿನಲ್ಲಿ, ಕೆಲಸ ಬಿಡುತ್ತೇನೆಂದು ಬಂದ ಒಬ್ಬ ತರುಣನನ್ನು ಎರಡನೆಯ ಸಲ ಕೇಳಿದೆ, ಮೂರನೆಯ ಸಲ ಕೇಳಿದೆ, ಮತ್ತೂ ಕೇಳಿದೆ. ಅವನು ಕಂಗಾಲಾಗಿ, ‘ಮಿಸ್ಟರ್, ನನಗೆ ಡ್ರಾಫ್ಟ್ ಬಂದಿದೆ. ಮಿಲಿಟರಿಗೆ ಹೋಗಬೇಕು’ ಅಂದ. ಹೊರಗೆ ಮೊರೆಲ್ಲಿಯ ಧ್ವನಿ ಕೇಳಿಸಿತು: ‘ಬಿಡಪ್ಪ ಅವನನ್ನ! ಸರ್ಕಾರದ ಜೊತೆ ಜಗ್ಗಾಡ್ತೀಯಾ?’

ಅವಳು ಪುಣೆಯ ಹುಡುಗನನ್ನು ಮದುವೆಯಾಗಿ ಓಹಾಯೋಗೆ ಹೋದಳು. ಸ್ಟೇಷನ್ನಿಗೆ ಬಿಡುವ ಕೆಲಸ ತಪ್ಪಿತು. ಭಾನುವಾರಗಳು ಬಂದವು, ಹೋದವು. ವಿಮಲಕ್ಕ ರೊಟ್ಟಿ ತಟ್ಟುವುದನ್ನು ಬಿಡಲಿಲ್ಲ, ನಾನು ಹೋಗುವುದನ್ನು ಬಿಡಲಿಲ್ಲ. ನನ್ನ ಉದ್ಯೋಗ ಮಾತ್ರ ಮೇಲೆ ಮೇಲೆ ಹೋಯಿತು. ಎಪ್ಪತ್ತರ ದಶಕದ ನಡುವೆ ಕಾರ್ಖಾನೆಗೆ ಕಷ್ಟ ಬಂದು ಜನರನ್ನು ಕಳಿಸಬೇಕಾದಾಗ, ಎರಡನೆಯ ಸಲ ಕೇಳುವವನಿಗೆ ಕೇಳಲು ಏನೂ ಇರಲಿಲ್ಲ. ಎದುರು ಕೂತು ತಲೆ ತಗ್ಗಿಸಿದೆ. ಮೊರೆಲ್ಲಿ ನಿವೃತ್ತನಾದಾಗ ಅವನ ಕುರ್ಚಿ ನನ್ನದಾಯಿತು. ‘ಬೇಕಾ?’ ಅಂದಿದ್ದ. ಈ ಸಲ ಮೊದಲನೆಯ ಸಲಕ್ಕೇ ಹೂಂ ಅಂದೆ. ಅವನಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಲಲಿತಾಳಿಗೆ ಇದೆಲ್ಲ ಗೊತ್ತು. ಮದುವೆಯಾದ ಹೊಸದರಲ್ಲೇ ಹೇಳಿದ್ದೆ. ಅವಳ ತೀರ್ಪು ಆಗಲೂ ಈಗಲೂ ಒಂದೇ. ‘ಒಂದು ಸಲವೋ ಎರಡು ಸಲವೋ ಅಂತ ತಲೆ ಕೆಡಿಸ್ಕೋಬೇಡಿ. ಆ ಪುಣ್ಯಾತ್ಗಿತ್ತಿ ಹತ್ತು ಸಲ ಕೇಳಿದ್ರೂ ನೀವು ಕಾರಿಂದ ಇಳೀತಿರಲಿಲ್ಲ. ನಾನಾಗಿದ್ದಕ್ಕೆ ಕೇಳೋಕೇ ಹೋಗಲಿಲ್ಲ, ನೇರವಾಗಿ ನಮ್ಮಪ್ಪನ್ನ ಕಳಿಸಿದೆ.’

ಹೋದ ವರ್ಷ ವಿಮಲಕ್ಕನ ಮೊಮ್ಮಗನ ಮದುವೆ, ಬ್ರಿಡ್ಜ್‌ವಾಟರಿನಲ್ಲಿ. ಪದ್ಮಾ ಬಂದಿದ್ದಳು. ಕೂದಲು ಪೂರ್ತಿ ಬೆಳ್ಳಗೆ, ಧ್ವನಿ ಹಾಗೇ. ಅವಳ ಯಜಮಾನರು ಊಟದ ಸಾಲಿನಲ್ಲಿ ತಟ್ಟೆ ಹಿಡಿದು ಹಿಂದೆ ಇದ್ದವರಿಗೆ ಜಾಗ ಬಿಡುತ್ತ ಬಿಡುತ್ತ ಹಿಂದೆ ಹಿಂದೆ ಹೋಗುತ್ತಿದ್ದರು. ಒಳ್ಳೆಯ ಮನುಷ್ಯ. ಲಲಿತಾ ನನ್ನ ಬೆನ್ನಿಗೆ ತಿವಿದು, ‘ಹೋಗಿ ಕೇಳಿಬಿಡಿ. ಕೇಳಿ ಕೇಳಿ ನನಗೂ ಸಾಕಾಗಿದೆ’ ಅಂದಳು.

ಕೇಳಿದೆ. ‘ಆವತ್ತು ಸ್ಟೇಷನ್ನಿನಲ್ಲಿ ನನ್ನನ್ನ ಕರೆದಿರಲ್ಲ, ಒಂದು ಸಲ ಕರೆದದ್ದೋ, ಎರಡು ಸಲವೋ?’

ಪದ್ಮಾ ಗಟ್ಟಿಯಾಗಿ ನಕ್ಕಳು. ‘ಅಬ್ಬಬ್ಬಾ! ಅದನ್ನ ಲೆಕ್ಕಾ ಇಟಗೊಂಡು ಕೂತೀರೇನ್ರಿ ಇಷ್ಟು ವರ್ಷ? ನನಗೇನು ನೆನಪಿರತದ? ಕರೆದದ್ದು ನೆನಪದ.’ ಆಮೇಲೆ ನಗು ಇಳಿಸಿ, ‘ಆದ್ರ ಆ ಟ್ರೇನು ನಾ ಹಿಡೀಲಿಲ್ಲ’ ಅಂದಳು.

‘ಅಂದ್ರೆ?’

‘ಬಂತು, ನಿಂತಿತು. ನಾ ಬೆಂಚಿನ ಮ್ಯಾಲ ಕೂತೇ ಇದ್ದೆ. ಮ್ಯಾಲಿಂದ ನಿಮ್ಮ ಕಾರು ಕಾಣಸ್ತಿತ್ತು. ಕಾರು ಹೋಗಿಲ್ಲ ಅಂದ್ರ ಮನಷ್ಯಾ ಮ್ಯಾಲ ಬರ್ತಾನ ಅಂತ ಅನಕೊಂಡೆ.’

‘ಆಮೇಲೆ?’

‘ಆಮ್ಯಾಲೇನು? ಟ್ರೇನು ಹೋತು. ಅದರ ಹಿಂದ ನಿಮ್ಮ ಕಾರೂ ಹೋತು. ನಾ ಮುಂದಿನ ಟ್ರೇನಿಗೆ ಹೋದೆ.’

ಅಷ್ಟರಲ್ಲಿ ಯಾರೋ ಅವಳನ್ನು ಫೋಟೋಕ್ಕೆ ಕರೆದರು. ನಾನು ಕೆಳಗೆ ಕಾಯುತ್ತಿದ್ದಾಗ ಅವಳು ಮೇಲೆ ಕಾಯುತ್ತಿದ್ದಳು.

ಮನೆಗೆ ಬರುವಷ್ಟರಲ್ಲಿ ಅನುಮಾನ ಶುರುವಾಯಿತು. ಹಳೆ ರೋಗ. ಪದ್ಮಾ ಎಷ್ಟೇ ಬಿಟ್ಟೆ ಅಂದರೂ ವಿಮಲಕ್ಕನ ಮನೆತನದವಳು. ನನ್ನ ಮುಖ ಕಂಡು ಪಾಪ ಅನ್ನಿಸಿ, ಈ ಮುದುಕನಿಗೆ ಇನ್ನೊಂದು ತುತ್ತು ಇರಲಿ ಎಂದು ಬಡಿಸಿದಳೇ? ಅಷ್ಟೊಂದು ವರ್ಷ ಹಳೆಯದು ಅವಳಿಗೆ ಮಾತ್ರ ಸರಿಯಾಗಿ ನೆನಪಿರುವುದು ಹೇಗೆ? ಭಾನುವಾರ ಆಮೇಲೆ ರೈಲೇ ಇರಲಿಲ್ಲವೆಂದು ನಾನು ನಂಬಿಕೊಂಡು ಬಂದಿದ್ದೇನಲ್ಲ. ಅವಳು ಬೆಂಚಿನ ಮೇಲೆ ಕೂತದ್ದನ್ನು ಪರೀಕ್ಷಿಸಲು ಯಾರಿಂದಲೂ ಆಗದು. ಅವಳ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯಲು ಯಾವ ಯೂನಿವರ್ಸಿಟಿಯೂ ಕಲಿಸದು. ರೈಲಿನ ವಿಷಯ ಹಾಗಲ್ಲ. ಒಂದು ಮಧ್ಯಾಹ್ನ ಲೈಬ್ರರಿಗೆ ಹೋಗಿ, ಆ ವರ್ಷಗಳ ರೈಲು ವೇಳಾಪಟ್ಟಿಗಳನ್ನು ತೆಗೆಸಿ, ಕನ್ನಡಕ ಒರೆಸಿಕೊಂಡು ನೋಡಿದೆ.

ಭಾನುವಾರ ಸಂಜೆ, ಆ ರೈಲು ಹೋದ ಮೇಲೆ, ನ್ಯೂಯಾರ್ಕಿಗೆ ಇನ್ನೊಂದು ರೈಲು ಇತ್ತು.